ಹೋದ ಹಲ್ಲಿನ ಜಾಗಕ್ಕೆ ಏನು? ಕುಟ್ಟಾಣಿಯಿಂದ ಟೈಟಾನಿಯಂ ತನಕ

ಈ ಪಾಡ್‌ಕಾಸ್ಟಲ್ಲಿ ನಾವು ರಾಜರು, ಯುದ್ಧ, ಶಾಸನ ಅಂತ ಮಾತಾಡ್ತೀವಿ. ಇವತ್ತು ಹಲ್ಲಿನ ಇತಿಹಾಸ. ನಗಬೇಡಿ, ಇದ್ರಲ್ಲೂ ರಾಜರು ಬರ್ತಾರೆ, ಯುದ್ಧವೂ ಬರುತ್ತೆ. ಶುರು ಮಾಡೋದು ಅಮೃತಾಪುರದಿಂದ.

ತರೀಕೆರೆ ಕಡೆಯವರಿಗೆ ಅಮೃತಾಪುರ ಗೊತ್ತೇ ಇರುತ್ತೆ. ಗೊತ್ತಿಲ್ಲದವರಿಗೆ: ತೋಟಗಳ ನಡುವೆ ಇರೋ ಸಣ್ಣ ಊರು, ಅಲ್ಲೊಂದು ಹೊಯ್ಸಳರ ಕಾಲದ ಅಮೃತೇಶ್ವರ ದೇವಸ್ಥಾನ. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿನ ಶಾಸನದ ಪದ್ಯಗಳನ್ನು ಬರೆದವನು ಕವಿ ಜನ್ನ, ಮುಂದೆ ‘ಯಶೋಧರ ಚರಿತೆ’ ಬರೆದ ಅದೇ ಜನ್ನ. ಬೇಲೂರು ಹಳೇಬೀಡಿನಷ್ಟು ಜನ ಇಲ್ಲಿಗೆ ಬರಲ್ಲ, ಹಾಗಾಗಿ ಆರಾಮಾಗಿ ನೋಡಬಹುದು. ಕಂಬಗಳು ಈಗ್ಲೂ ಕನ್ನಡಿ ಥರ ಹೊಳೀತವೆ. ತಲೆ ಎತ್ತಿ ಶಿಖರ ನೋಡಿದ್ರೆ ಕೀರ್ತಿಮುಖಗಳು. ಗುಡ್ಡೆ ಕಣ್ಣು, ಅಗಲ ಬಾಯಿ. ಹೋದ ಸಲ ನಾನು ಅಜ್ಜಿನ ಕರ್ಕೊಂಡು ಹೋಗಿದ್ದೆ. ಅಜ್ಜಿ ಸುಮಾರು ಹೊತ್ತು ಮೇಲೇ ನೋಡಿ ಅಂದ್ರು: ‘ಎಂಟ್ನೂರು ವರ್ಷ ಆಯ್ತು ಅಂತೀಯ, ಅವಕ್ಕೆ ಹಲ್ಲು ಹಂಗೇ ಇದಾವಲ್ಲೋ ಮಗಾ!’

ಅಜ್ಜಿಗೆ ಹಲ್ಲಿಲ್ಲ. ಸೆಟ್ ಇದೆ, ಆದ್ರೆ ಅದು ಅಡುಗೆಮನೆ ಕಿಟಕಿ ಮೇಲೆ ಸ್ಟೀಲ್ ಲೋಟದೊಳಗೆ ನೀರಲ್ಲಿ ಇರುತ್ತೆ. ಮದುವೆ ಮನೆಗೆ ಹೋಗೋವಾಗ ಮಾತ್ರ ಬಾಯಿಗೆ ಬರುತ್ತೆ. ಯಾಕಜ್ಜಿ ಅಂದ್ರೆ, ‘ಕೆಳಗಿಂದು ಕುಣಿಯುತ್ತೆ ಕಣೋ’. ಈ ಎಪಿಸೋಡ್ ಹುಟ್ಟಿದ್ದು ಆ ಲೋಟದಿಂದ.

ದೇವಸ್ಥಾನ ಕಟ್ಟಿದ ಕಾಲದಲ್ಲಿ ಹಲ್ಲು ಹೋದ್ರೆ ಹೋಯ್ತು. ಅದಕ್ಕೂ ಸ್ವಲ್ಪ ಮೊದಲಿನ ಬಸವಣ್ಣನವರ ಒಂದು ವಚನದಲ್ಲಿ ಮುಪ್ಪಿನ ಗುರುತುಗಳ ಪಟ್ಟಿ ಇದೆ, ಶಾಲೆಯಲ್ಲಿ ಓದಿರ್ತೀರಿ. ಅದರಲ್ಲಿ ಹಲ್ಲು ಹೋಗೋದೂ ಇದೆ. ಹಾಗಂತ ನಮ್ಮವರಿಗೆ ಹಲ್ಲಿನ ಬಗ್ಗೆ ಜ್ಞಾನ ಇರ್ಲಿಲ್ಲ ಅಂತಲ್ಲ. ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳು 65 ಅಂತ ಲೆಕ್ಕ ಇದೆ, ಅದರಲ್ಲಿ ಹಲ್ಲಿನವು 8, ಹಲ್ಲಿನ ಬುಡ ಅಂದ್ರೆ ವಸಡಿನವು 15. ನೋಡಿ, ಹಲ್ಲಿಗಿಂತ ವಸಡಿನ ಕಾಯಿಲೆ ಜಾಸ್ತಿ ಅಂತ ಆಗ್ಲೇ ಬರೆದಿಟ್ಟಿದ್ರು. ಇವತ್ತಿಗೂ ದೊಡ್ಡವರಿಗೆ ಹಲ್ಲು ಉದುರೋಕೆ ದೊಡ್ಡ ಕಾರಣಗಳಲ್ಲಿ ವಸಡಿನ ರೋಗ ಒಂದು. ಹಲ್ಲಿನ ಮೇಲೆ ಕಟ್ಟೋ ಗಟ್ಟಿ ಪಾಚಿಗೆ ‘ದಂತಶರ್ಕರ’ ಅಂತ ಹೆಸರಿಟ್ಟು, ಅದನ್ನ ಕೆರೆದು ತೆಗೀಬೇಕು ಅಂತಲೂ ಹೇಳಿದಾರೆ. ಇವತ್ತು ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋ ಕ್ಲೀನಿಂಗ್ ಅದೇ.

ಆದ್ರೆ ಇದೆಲ್ಲ ಇರೋ ಹಲ್ಲಿಗೆ. ಹೋದ ಹಲ್ಲಿಗೆ ನಮ್ಮ ಮನೆಗಳಲ್ಲಿ ಇದ್ದ ತಂತ್ರಜ್ಞಾನ ಒಂದೇ: ಕುಟ್ಟಾಣಿ. ಪುಟ್ಟ ಒರಳು, ಪುಟ್ಟ ಒನಕೆ. ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿ ಬಾಯಿಗೆ. ಹಲ್ಲು ಮಾಡಬೇಕಾದ ಕೆಲಸವನ್ನ ಬಾಯಿಂದ ಹೊರಗೆ ಮಾಡೋದು. ನಾನು ಇದನ್ನ ತಮಾಷೆಗೆ ಹೇಳ್ತಿಲ್ಲ. ತಾಂಬೂಲ ಇಲ್ಲಿ ಎಷ್ಟು ಮುಖ್ಯ ಆಗಿತ್ತು ಅಂದ್ರೆ ಎಲೆಅಡಿಕೆಯ ಚೀಲ ಹಿಡಿಯೋದೇ ಒಂದು ಉದ್ಯೋಗ ಆಗಿತ್ತು, ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನ ಹೆಸರಲ್ಲೇ ಅದು ಇದೆ. ಅಂಥ ನಾಡಲ್ಲಿ ಹಲ್ಲು ಹೋದವರು ಊಟ ಬಿಟ್ರೂ ಎಲೆಅಡಿಕೆ ಬಿಡೋಕೆ ತಯಾರಿರ್ಲಿಲ್ಲ. ಕುಟ್ಟಾಣಿ ಅದಕ್ಕೇ ಹುಟ್ಟಿದ್ದು. ಬೇಜಾರಿನ ಸಂಗತಿ ಅಂದ್ರೆ, ಅದೇ ಅಡಿಕೆ, ಅದರಲ್ಲೂ ಹೊಗೆಸೊಪ್ಪು ಸೇರಿದ್ದು, ವಸಡು ಹಾಳು ಮಾಡೋದ್ರಲ್ಲೂ ಮುಂದೆ. ತರೀಕೆರೆ, ಅಜ್ಜಂಪುರ ಕಡೆ ಅಡಿಕೆಯಿಂದಲೇ ಅನ್ನ ತಿನ್ನೋ ಮನೆಗಳು ಎಷ್ಟೋ. ನಮ್ಮದೂ ಒಂದು. ಅದಕ್ಕೇ ಇದನ್ನ ನಾನು ಹೇಳೋದೇ ವಾಸಿ.

ಈಗ ಅಮೃತಾಪುರದಿಂದ ಶ್ರೀರಂಗಪಟ್ಟಣಕ್ಕೆ ಬನ್ನಿ, 1790ರ ದಶಕಕ್ಕೆ. ಟಿಪ್ಪುವಿಗೂ ಇಂಗ್ಲಿಷರಿಗೂ ಯುದ್ಧ. ಇಂಗ್ಲಿಷ್ ಸೇನೆಗೆ ಎತ್ತಿನ ಗಾಡಿ ಹೊಡೀತಿದ್ದ ಕಾವಸ್‌ಜಿ ಅನ್ನೋನು ಸೆರೆಸಿಕ್ಕ. ಅವನ ಮೂಗು ಕೊಯ್ದು ಕಳಿಸಿದ್ರು. ಪುಣೆ ಕಡೆಯ ಒಬ್ಬ ದೇಸಿ ಕಸುಬುದಾರ ಅವನ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. ಆ ಸುದ್ದಿ ಚಿತ್ರ ಸಮೇತ 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಬಂತು. ಯುರೋಪಿನ ಡಾಕ್ಟರುಗಳು ಬಾಯಿಬಿಟ್ಟು ನೋಡಿದ್ರು. ಇವತ್ತಿನ ಪ್ಲಾಸ್ಟಿಕ್ ಸರ್ಜರಿ ಇತಿಹಾಸದಲ್ಲಿ ಇದು ದೊಡ್ಡ ಘಟನೆ. ಇಲ್ಲಿನ ಗುಟ್ಟು ಏನು? ಹಣೆಯ ಚರ್ಮವನ್ನ ಪೂರ್ತಿ ಕತ್ತರಿಸಲ್ಲ. ಒಂದು ತುದಿ ಅಂಟಿಕೊಂಡೇ ಇರುತ್ತೆ, ರಕ್ತ ಹರೀತಾನೇ ಇರುತ್ತೆ, ಹಾಗಾಗಿ ಅದು ಬದುಕಿರುತ್ತೆ. ಈ ‘ಬದುಕಿರೋದು’ ಅನ್ನೋ ಮಾತು ನೆನಪಿಟ್ಕೊಳ್ಳಿ.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಲಂಡನ್ನಿನಲ್ಲಿ ಏನು ನಡೀತಿತ್ತು ಗೊತ್ತಾ? ಜಾನ್ ಹಂಟರ್ ಅನ್ನೋ ಪ್ರಸಿದ್ಧ ಸರ್ಜನ್ 1771ರಲ್ಲಿ ಹಲ್ಲಿನ ಬಗ್ಗೆ ಪುಸ್ತಕ ಬರೆದಿದ್ದ. ಅವನು ಮನುಷ್ಯನ ಹಲ್ಲನ್ನ ಹುಂಜದ ಜುಟ್ಟಿನಲ್ಲಿ ನೆಟ್ಟು, ಅದು ಹಿಡ್ಕೊಳ್ಳುತ್ತಾ ಅಂತ ನೋಡಿದ. ಅಲ್ಲಿಂದ ಒಂದು ಕೆಟ್ಟ ಫ್ಯಾಷನ್ನೇ ಹಬ್ಬಿತು. ಸಾಹುಕಾರರು ಬಡ ಹುಡುಗರಿಗೆ ಕಾಸು ಕೊಟ್ಟು, ಅವರ ಒಳ್ಳೇ ಹಲ್ಲು ಕೀಳಿಸಿ, ಬಿಸಿಬಿಸಿ ಇರೋವಾಗಲೇ ತಮ್ಮ ಬಾಯಿಗೆ ಹಾಕಿಸ್ಕೊಳ್ಳೋದು. ಆ ಹಲ್ಲುಗಳು ಬಹಳ ದಿನ ನಿಲ್ತಿರ್ಲಿಲ್ಲ, ಜೊತೆಗೆ ರೋಗವೂ ಬರ್ತಿತ್ತು. ಕೊಟ್ಟ ಹುಡುಗನ ಬಾಯಲ್ಲಿ ಮಾತ್ರ ಆ ಕಿಂಡಿ ಕೊನೇ ತನಕ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ತಗೊಂಡಾಗ ಅವನ ಬಾಯಲ್ಲಿ ಸ್ವಂತ ಹಲ್ಲು ಉಳಿದಿದ್ದು ಒಂದೇ. ಅವನ ಸೆಟ್ಟು ಮರದ್ದು ಅಂತ ಒಂದು ಕಥೆ ಓಡಾಡುತ್ತೆ, ವಾಟ್ಸಾಪಲ್ಲಿ ಬಂದಿರಬಹುದು. ಸುಳ್ಳು. ನೀರಾನೆಯ ದಂತ, ಲೋಹ, ಮನುಷ್ಯರ ಹಲ್ಲು ಸೇರಿಸಿ ಮಾಡಿದ್ದು. 1784ರ ಅವನ ಲೆಕ್ಕದ ಪುಸ್ತಕದಲ್ಲಿ, ಗುಲಾಮರಾಗಿದ್ದ ಕಪ್ಪು ಜನರಿಂದ ಒಂಬತ್ತು ಹಲ್ಲು ಕೊಂಡ ನಮೂದು ಇದೆ. ಟಿಪ್ಪು ಮತ್ತು ವಾಷಿಂಗ್ಟನ್ ಇಬ್ಬರೂ ಸತ್ತಿದ್ದು ಒಂದೇ ವರ್ಷ, 1799.

ಆ ವರ್ಷ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳಲ್ಲಿ ಆರ್ಥರ್ ವೆಲ್ಲೆಸ್ಲಿ ಒಬ್ಬ. ಮರುವರ್ಷ ನಮ್ಮ ಪಕ್ಕದ ಚನ್ನಗಿರಿಯ ಧೋಂಡಿಯಾ ವಾಘನನ್ನ ಅಟ್ಟಿಸಿಕೊಂಡು ಹೋಗಿ ಮುಗಿಸಿದವನೂ ಇವನೇ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ ವೆಲಿಂಗ್ಟನ್ ಅಂತ ಓದ್ತೀವಲ್ಲ, ಅವನೇ ಇವನು. ಆ ಯುದ್ಧಭೂಮಿಯಲ್ಲಿ ಸತ್ತು ಬಿದ್ದ ಹುಡುಗರ ಬಾಯಿಂದ ಹಲ್ಲು ಕಿತ್ತು ಮಾರಿದ್ರು. ಅವು ಸೆಟ್ಟುಗಳಿಗೆ ಸೇರಿದ್ವು. ‘ವಾಟರ್ಲೂ ಹಲ್ಲು’ ಅನ್ನೋ ಹೆಸರೇ ಆಮೇಲೆ ಉಳೀತು. ಅಂದ್ರೆ ಹಲ್ಲಿನ ಚರಿತ್ರೆಯ ಉದ್ದಕ್ಕೂ ಒಬ್ಬರ ಬಾಯಿ ತುಂಬಬೇಕಾದ್ರೆ ಇನ್ನೊಬ್ಬರ ಬಾಯಿ ಖಾಲಿ ಆಗಬೇಕಿತ್ತು.

ಅದನ್ನ ತಪ್ಪಿಸಿದ್ದು ಪಿಂಗಾಣಿ ಹಲ್ಲು, ಆಮೇಲೆ ರಬ್ಬರ್. ಗುಡ್‌ಇಯರ್ ಕುಟುಂಬದವರು ಗಟ್ಟಿ ರಬ್ಬರ್ ಮಾಡೋ ದಾರಿ ಕಂಡುಹಿಡಿದ ಮೇಲೆ, 1850ರ ದಶಕದಿಂದ ಸೆಟ್ಟಿನ ಬುಡ ಅದರಲ್ಲೇ ತಯಾರಾಗೋಕೆ ಶುರುವಾಯ್ತು. ಚಿನ್ನದ ಬದಲು ರಬ್ಬರ್, ಹಾಗಾಗಿ ಮಧ್ಯಮ ವರ್ಗದವರಿಗೂ ಕೈಗೆಟುಕ್ತು. 1930ರ ದಶಕದ ಕೊನೆಗೆ ಅಕ್ರಿಲಿಕ್ ಬಂತು. ಅಜ್ಜಿಯ ಲೋಟದಲ್ಲಿರೋ ಗುಲಾಬಿ ಬಣ್ಣದ್ದು ಅದೇ.

ನಮ್ಮಲ್ಲಿ ಈ ಶಾಸ್ತ್ರ ಕಲಿಸೋ ಕಾಲೇಜು ಶುರು ಮಾಡಿದ್ದು ಡಾ. ರಫೀಯುದ್ದೀನ್ ಅಹ್ಮದ್, 1920ರಲ್ಲಿ ಕೋಲ್ಕತ್ತದಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು, ಮಣಿಪಾಲದ್ದು 1965, ನಮಗೆ ಹತ್ತಿರದ ದಾವಣಗೆರೆಯ ಬಾಪೂಜಿ ದಂತ ಕಾಲೇಜು 1979. ಅಷ್ಟರತನಕ ಹಳ್ಳಿಯಲ್ಲಿ ಹಲ್ಲಿಗೆ ಇದ್ದದ್ದು ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ಬಿ.ವಿ. ಪಂಡಿತರ ನಂಜನಗೂಡು ಹಲ್ಲುಪುಡಿ. ಹಲ್ಲುನೋವು ಬಂದ್ರೆ ಲವಂಗ. ತಡೆಯೋಕಾಗದಿದ್ರೆ ಕೀಳಿಸೋದು.

ಸರಿ, ಈಗ ಮುಖ್ಯ ಕಥೆ. 1952, ಸ್ವೀಡನ್ನಿನ ಲುಂಡ್ ಊರು. ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಅನ್ನೋ ಡಾಕ್ಟರು ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ನೋಡ್ತಿದ್ರು. ಹಲ್ಲಿಗೂ ಅವರಿಗೂ ಸಂಬಂಧವೇ ಇಲ್ಲ. ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಲೋಹದ ಸಣ್ಣ ಕೊಳವೆ ಕೂರಿಸಿ, ಅದರ ಮೂಲಕ ಮೈಕ್ರೋಸ್ಕೋಪಿನಲ್ಲಿ ನೋಡೋದು. ಪ್ರಯೋಗ ಮುಗಿದ ಮೇಲೆ ಕೊಳವೆ ತೆಗೆದು ಮತ್ತೆ ಬಳಸಬೇಕು, ದುಬಾರಿ ಸಾಮಾನು ಅದು. ತೆಗೆಯೋಕೆ ಹೋದ್ರೆ ಬರ್ತಾನೇ ಇಲ್ಲ. ಮೂಳೆ ಅದನ್ನ ಕಚ್ಚಿ ಹಿಡ್ಕೊಂಡಿದೆ!

ಬೇರೆ ಯಾರಾದ್ರೂ ಆಗಿದ್ರೆ ಬೈಕೊಂಡು ಹೊಸ ಕೊಳವೆ ತರಿಸ್ತಿದ್ರೇನೋ. ಇವರು ಯಾಕೆ ಹಿಡ್ಕೊಂಡಿತು ಅಂತ ಕೇಳಿದ್ರು. ಕಬ್ಬಿಣ ಒಳಗೆ ಹೋದ್ರೆ ತುಕ್ಕು ಹಿಡಿಯುತ್ತೆ, ದೇಹ ಅದನ್ನ ಹೊರಗಿನವನು ಅಂತ ಗುರುತಿಸಿ ಸುತ್ತ ಮೆತ್ತಗಿನ ಗೋಡೆ ಕಟ್ಟುತ್ತೆ. (ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗಿ ಕಬ್ಬಿಣ ಆಗೋದನ್ನ ಕಂಡ ಸೀಮೆ ನಮ್ಮದು, ತುಕ್ಕಿನ ಬಗ್ಗೆ ಯಾರೂ ನಮಗೆ ಹೇಳಿಕೊಡಬೇಕಿಲ್ಲ.) ಟೈಟಾನಿಯಂ ಹಾಗಲ್ಲ. ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳು ಆಕ್ಸೈಡ್ ಪದರ ಕಟ್ಟುತ್ತೆ. ಆ ಪದರಕ್ಕೆ ದೇಹದ ತಕರಾರಿಲ್ಲ. ಮೂಳೆಯ ಜೀವಕೋಶಗಳು ಅದರ ಮೇಲೇ ಬೆಳೆದು ಬರ್ತವೆ. ಕಾವಸ್‌ಜಿಯ ಹಣೆಯ ಚರ್ಮ ನೆನಪಿದೆಯಾ? ಅಲ್ಲಿ ಬದುಕಿರೋದನ್ನ ಬದುಕಿರೋದಕ್ಕೆ ಜೋಡಿಸಿದ್ರು. ಇಲ್ಲಿ ಜೀವ ಇಲ್ಲದ ಲೋಹವನ್ನ ಬದುಕಿರೋ ಮೂಳೆ ತಾನಾಗೇ ಒಪ್ಪಿಕೊಂಡಿದೆ. ಹಂಟರ್‌ಗೆ ಸಿಗದೇ ಹೋಗಿದ್ದು ಇದೇ.

1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ್ರು. ಯೋಸ್ತಾ ಲಾರ್ಸನ್ ಅಂತ, ವಯಸ್ಸು 34, ಹುಟ್ಟಿನಿಂದಲೇ ದವಡೆಯಲ್ಲಿ ದೋಷ ಇದ್ದ ಮನುಷ್ಯ. ಕೆಳದವಡೆಗೆ ನಾಲ್ಕು ಟೈಟಾನಿಯಂ ಸ್ಕ್ರೂ. ಲಾರ್ಸನ್ 2006ರಲ್ಲಿ ತೀರಿಕೊಂಡಾಗಲೂ ಅವು ಕೆಲಸ ಮಾಡ್ತಾನೇ ಇದ್ವು. ಲೆಕ್ಕ ಹಾಕಿ, ನಲವತ್ತು ವರ್ಷ ದಾಟಿತ್ತು.

ಆದ್ರೆ ಒಪ್ಪಿಕೊಳ್ಳೋಕೆ ಜಗತ್ತು ತುಂಬಾ ಸಮಯ ತಗೊಂಡಿತು. ಸ್ವೀಡನ್ನಿನ ದಂತವೈದ್ಯರೇ, ‘ಇವನು ಹಲ್ಲಿನ ಡಾಕ್ಟರೂ ಅಲ್ಲ’ ಅನ್ನೋ ಧಾಟಿಯಲ್ಲಿ ವರ್ಷಗಟ್ಟಲೆ ವಿರೋಧಿಸಿದ್ರು. ಪೂರ್ತಿ ತಪ್ಪು ಅನ್ನೋಕಾಗಲ್ಲ. ಅದಕ್ಕೂ ಮೊದಲು ನಾನಾ ಲೋಹದ ಬ್ಲೇಡು, ಸ್ಕ್ರೂ ಹಾಕಿ ದವಡೆ ಕೆಡಿಸಿದವರು ಬಹಳ ಜನ ಇದ್ರು, ಅನುಮಾನ ಸಹಜ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ಒಂದು ಸಮ್ಮೇಳನ ನಡೀತು. ಅಲ್ಲಿ ಹದಿನೈದು ವರ್ಷಕ್ಕೂ ಮೇಲಿನ ದಾಖಲೆ ಇಟ್ಟು ತೋರಿಸಿದ ಮೇಲೆ ಬಾಗಿಲು ತೆರೀತು.

ಇನ್ನೊಂದು ವಿಚಿತ್ರ. 1931ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ಮಾಯಾ ಜನರ ಕಾಲದ ಒಂದು ದವಡೆ ತುಂಡು ಸಿಕ್ಕಿತು, ಸುಮಾರು ಕ್ರಿ.ಶ. 600ರದ್ದು. ನಮ್ಮಲ್ಲಿ ಬಾದಾಮಿಯ ಮೂರನೇ ಗುಹೆ ಕೊರೆದ ಕಾಲದ ಆಸುಪಾಸು. ಅದರ ಕೆಳಗಿನ ಮುಂಭಾಗದಲ್ಲಿ ಮೂರು ಹಲ್ಲಿನ ಜಾಗಕ್ಕೆ ಚಿಪ್ಪನ್ನ ಹಲ್ಲಿನಾಕಾರಕ್ಕೆ ಕೆತ್ತಿ ಕೂರಿಸಿದ್ರು. ಸತ್ತ ಮೇಲೆ ಅಲಂಕಾರಕ್ಕೆ ಹಾಕಿರಬೇಕು ಅಂತ ಎಲ್ಲ ಅಂದುಕೊಂಡಿದ್ರು. 1970ರಲ್ಲಿ ಬ್ರೆಜಿಲ್‌ನ ಒಬ್ಬ ತಜ್ಞರು ಎಕ್ಸ್‌ರೇ ತೆಗೆದು ನೋಡಿದ್ರೆ ಚಿಪ್ಪಿನ ಸುತ್ತ ಮೂಳೆ ಬೆಳೆದಿದೆ! ಅಂದ್ರೆ ಆ ಮನುಷ್ಯ ಬದುಕಿದ್ದಾಗಲೇ ಅದು ಬಾಯಲ್ಲಿತ್ತು. ಯಾರು ಮಾಡಿದ್ರೋ, ನೋವು ಎಷ್ಟಾಯ್ತೋ.

ಹಾಗಾದ್ರೆ ಇಂಪ್ಲಾಂಟ್‌ನಿಂದ ಲಾಭ ಏನು? ಜನ ಅಂದುಕೊಳ್ಳೋದು ಚಂದ ಕಾಣೋದು ಅಂತ. ಅದು ಸಣ್ಣ ಲಾಭ. ದೊಡ್ಡದು ಮೂಳೆ. ಹಲ್ಲಿನ ಬೇರು ಅಗಿಯುವಾಗೆಲ್ಲ ದವಡೆ ಮೂಳೆಗೆ ಕೆಲಸ ಕೊಡ್ತಾ ಇರುತ್ತೆ. ಹಲ್ಲು ಹೋದ್ರೆ ಆ ಮೂಳೆಗೆ ಕೆಲಸ ಇಲ್ಲ, ಅದು ಕರಗೋಕೆ ಶುರು. ಮೊದಲ ಒಂದು ವರ್ಷದಲ್ಲೇ ಆ ಜಾಗದ ಅಗಲ ಅರ್ಧದಷ್ಟು ಇಳಿಯಬಹುದು. ಹಲ್ಲಿಲ್ಲದ ಅಜ್ಜಂದಿರ ಕೆನ್ನೆ ಒಳಗೆ ಹೋಗಿ, ಗಲ್ಲ ಮೂಗಿನ ಹತ್ತಿರ ಬರೋದು ಇದರಿಂದಲೇ. ಅಜ್ಜಿಯ ಕೆಳಗಿನ ಸೆಟ್ ಕುಣಿಯೋದೂ ಇದಕ್ಕೇ. ಮಾಡಿಸಿದಾಗ ಸರಿಯಾಗೇ ಇತ್ತು, ಆಮೇಲೆ ಕೆಳಗಿನ ನೆಲವೇ ಸವೆದು ಹೋಯ್ತು. ಇಂಪ್ಲಾಂಟ್ ಬೇರಿನ ಜಾಗದಲ್ಲಿ ನಿಂತು ಮೂಳೆಗೆ ಮತ್ತೆ ಕೆಲಸ ಕೊಡುತ್ತೆ.

ಒಂದು ಹಲ್ಲು ಹೋದಾಗ ಬ್ರಿಡ್ಜ್ ಹಾಕಿಸಬೇಕಾದ್ರೆ ಅಕ್ಕಪಕ್ಕದ ಒಳ್ಳೇ ಹಲ್ಲುಗಳನ್ನ ಅರೆದು ಸಣ್ಣ ಮಾಡಿ ಕ್ಯಾಪ್ ಹಾಕಬೇಕು. ತನ್ನ ಗೋಡೆಗೆ ಪಕ್ಕದ ಮನೆ ಇಟ್ಟಿಗೆ ಕಿತ್ತಂಗೆ. ಇಂಪ್ಲಾಂಟ್‌ಗೆ ಅದು ಬೇಡ. ಅಗಿಯೋ ಶಕ್ತಿಯಲ್ಲೂ ಸೆಟ್ಟಿಗೂ ಇದಕ್ಕೂ ತುಂಬಾ ಅಂತರ. ಕಡಲೆ, ಸೌತೆಕಾಯಿ, ಮಾಂಸ, ಗಟ್ಟಿ ರೊಟ್ಟಿ, ಇವೆಲ್ಲ ತಟ್ಟೆಗೆ ವಾಪಸ್ ಬರ್ತವೆ. ವಯಸ್ಸಾದವರು ಮುದ್ದೆ, ಗಂಜಿ, ಬನ್ನಿನಲ್ಲೇ ದಿನ ದೂಡ್ತಾರಲ್ಲ, ಅದು ಬರೀ ರುಚಿಯ ಪ್ರಶ್ನೆ ಅಲ್ಲ. ಮಾತು ತೊದಲೋದೂ ತಪ್ಪುತ್ತೆ.

ಹಲ್ಲು ಪೂರ್ತಿ ಹೋದವರಿಗೆ ಮೂವತ್ತೆರಡು ಇಂಪ್ಲಾಂಟ್ ಬೇಕಾ? ಬೇಡ. 2002ರಲ್ಲಿ ಕೆನಡಾದ ಮೆಕ್‌ಗಿಲ್‌ನಲ್ಲಿ ಸೇರಿದ ತಜ್ಞರು, ಕೆಳದವಡೆಗೆ ಎರಡೇ ಎರಡು ಇಂಪ್ಲಾಂಟ್ ಹಾಕಿ, ಅದರ ಮೇಲೆ ಟಿಚ್ ಬಟನ್ ಥರ ಸೆಟ್ ಕೂರಿಸೋದೇ ಮೊದಲ ಆಯ್ಕೆ ಆಗಬೇಕು ಅಂದ್ರು. ಕುಣಿಯೋದು ನಿಲ್ಲುತ್ತೆ, ತೆಗೆದು ತೊಳೆಯೋಕೂ ಬರುತ್ತೆ. ಇದು ನನಗೆ ಗೊತ್ತಾಗಿದ್ದು ಅಜ್ಜಿನ ಡಾಕ್ಟರ ಹತ್ರ ಕರ್ಕೊಂಡು ಹೋದ ಮೇಲೆ.

ಈಗ ದುಡ್ಡು. ಖಾಸಗಿ ಕ್ಲಿನಿಕ್‌ನಲ್ಲಿ ಒಂದು ಇಂಪ್ಲಾಂಟ್‌ಗೆ ಸಾವಿರಗಳ ಲೆಕ್ಕ ಇಪ್ಪತ್ತು, ಮೂವತ್ತರಿಂದ ಶುರುವಾಗಿ ಮೇಲೆ ಹೋಗುತ್ತೆ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಡಿಮೆ, ಆದ್ರೆ ಓಡಾಟ ಜಾಸ್ತಿ. ಕರ್ನಾಟಕ ಸರ್ಕಾರ ಬಿಪಿಎಲ್ ಕಾರ್ಡಿನ ಹಿರಿಯರಿಗೆ ‘ದಂತಭಾಗ್ಯ’ ಅಂತ ಯೋಜನೆ ತಂದು ಉಚಿತವಾಗಿ ಹಲ್ಲು ಸೆಟ್ ಕಟ್ಟಿಸಿಕೊಟ್ಟಿದೆ. ಒಳ್ಳೇ ಕೆಲಸ, ನಾನು ಕೊಂಕು ತೆಗೆಯಲ್ಲ. ಆದ್ರೆ ಅದು ಸೆಟ್ಟಿನ ಯೋಜನೆ, ಇಂಪ್ಲಾಂಟಿನದ್ದಲ್ಲ. ಹಾಗಾಗಿ ವಾಟರ್ಲೂ ಕಾಲದ ಪ್ರಶ್ನೆ ಬೇರೆ ರೂಪದಲ್ಲಿ ಇನ್ನೂ ಇದೆ. ಇನ್ನೊಬ್ಬರ ಹಲ್ಲು ಕೀಳೋದು ನಿಂತಿದೆ, ಕಾಸಿದ್ದವರಿಗೆ ಮಾತ್ರ ಗಟ್ಟಿ ಹಲ್ಲು ಅನ್ನೋದು ನಿಂತಿಲ್ಲ.

ಎಲ್ಲರಿಗೂ ಇದು ಆಗುತ್ತೆ ಅಂತಲೂ ಇಲ್ಲ. ಹತ್ತು ವರ್ಷ ಆದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟ್ ನಿಂತಿರುತ್ತೆ ಅನ್ನೋದು ನಿಜ. ಆದ್ರೆ ಸಿಗರೇಟು, ಹಿಡಿತಕ್ಕೆ ಬರದ ಸಕ್ಕರೆ ಕಾಯಿಲೆ, ವಸಡಿನ ರೋಗ ಇದ್ರೆ ಸೋಲೋ ಸಾಧ್ಯತೆ ಏರುತ್ತೆ. ಗುಟ್ಕಾ ನಮ್ಮಲ್ಲಿ 2013ರಲ್ಲೇ ಬ್ಯಾನ್ ಆಯ್ತು, ಆದ್ರೆ ಬೇರೆ ಬೇರೆ ಪ್ಯಾಕೆಟ್‌ನಲ್ಲಿ ಬರೋದು ನಿಮಗೂ ಗೊತ್ತು. ಅಡಿಕೆ ಜಗಿದು ಜಗಿದು ಒಳಗಿನ ಚರ್ಮ ಬಿಗಿದು ಬಾಯೇ ತೆರೆಯೋಕೆ ಆಗದವರಿಗೆ ಡಾಕ್ಟರ ಕೈ ಒಳಗೆ ಹೋಗೋದೇ ಕಷ್ಟ. ಮೂಳೆ ಹಿಡ್ಕೊಳ್ಳೋಕೆ ಮೂರರಿಂದ ಆರು ತಿಂಗಳು ಕಾಯಬೇಕಾಗಬಹುದು. ಆಮೇಲೂ ದಿನಾ ಉಜ್ಜಬೇಕು. ಲೋಹಕ್ಕೆ ಹುಳುಕು ಹಿಡಿಯಲ್ಲ, ಆದ್ರೆ ಅದರ ಸುತ್ತಲಿನ ವಸಡಿಗೆ ಸೋಂಕು ಬರುತ್ತೆ. ಇನ್ನೊಂದು ಮಾತು: ರೂಟ್ ಕೆನಾಲ್ ಮಾಡಿ ಉಳಿಸಬಹುದಾದ ಹಲ್ಲನ್ನ ಕೀಳಿಸಿ ಇಂಪ್ಲಾಂಟ್ ಹಾಕಿಸ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ, ಇನ್ನೊಬ್ಬ ಡಾಕ್ಟರ ಹತ್ರ ಕೇಳಿ.

ಕೇಳ್ತಿರೋರಲ್ಲಿ ಬೈಕ್ ಓಡಿಸೋರು, ಕಬಡ್ಡಿ ಆಡೋರು ಇದ್ದೀರಿ. ಪೆಟ್ಟು ಬಿದ್ದು ದೊಡ್ಡ ಹಲ್ಲು ಬೇರು ಸಮೇತ ಕಿತ್ತು ಬಂದ್ರೆ ಎಸೆದು ಬರಬೇಡಿ. ಬೇರು ಮುಟ್ಟದೆ ಮೇಲ್ಭಾಗ ಹಿಡ್ಕೊಳ್ಳಿ, ಉಜ್ಜಬೇಡಿ, ಒಂದು ಲೋಟ ತಣ್ಣಗಿನ ಹಾಲಲ್ಲಿ ಹಾಕಿ, ಅರ್ಧ ಒಂದು ಗಂಟೆಯೊಳಗೆ ಡಾಕ್ಟರ ಹತ್ರ ಓಡಿ. ಎಷ್ಟೋ ಸಲ ಅದೇ ಹಲ್ಲನ್ನ ಮತ್ತೆ ಕೂರಿಸೋಕಾಗುತ್ತೆ. ಹಾಲುಹಲ್ಲನ್ನ ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಅಭ್ಯಾಸ ಇರೋ ನಮಗೆ ಇದು ಹೊಸದು. ಹಾಲುಹಲ್ಲು ಎಸೀರಿ ಪರವಾಗಿಲ್ಲ, ಇದನ್ನ ಎಸೀಬೇಡಿ.

ಅಜ್ಜಿ ಕಥೆ ಹೇಳಿ ಮುಗಿಸ್ತೀನಿ. ಡಾಕ್ಟರು ಎಕ್ಸ್‌ರೇ ನೋಡಿ, ಕೆಳಗೆ ಮುಂಭಾಗದಲ್ಲಿ ಇನ್ನೂ ಮೂಳೆ ಇದೆ, ಎರಡು ಹಾಕಬಹುದು ಅಂದ್ರು. ವಾಪಸ್ ಬರುವಾಗ ಬಸ್ಸಲ್ಲಿ ಅಜ್ಜಿ ಒಂದೇ ಪ್ರಶ್ನೆ: ‘ಎಷ್ಟಂತೆ?’ ಹೇಳಿದೆ. ‘ಬ್ಯಾಡ ಕಣೋ. ನಂಗಿನ್ನು ಎಷ್ಟು ವರ್ಷ? ಅದರ ಬದಲು ತೋಟಕ್ಕೆ ಪೈಪ್ ಹಾಕ್ಸು.’ ಮನೇಲಿ ಅಪ್ಪನೂ ಒಂದು ಗಳಿಗೆ ಸುಮ್ಮನಾದ್ರು, ನಾನು ನೋಡಿದೆ. ಅಜ್ಜಿಗೆ ಎಪ್ಪತ್ತೆರಡು. ಅವರಮ್ಮ ತೊಂಬತ್ತು ದಾಟಿ ಬದುಕಿದವರು. ಅಂದ್ರೆ ಹದಿನೆಂಟು ವರ್ಷ ಆ ಲೋಟ ಕಿಟಕಿ ಮೇಲೆ ಇರಬೇಕಾ ಅಂತ ನಾನು ಕೇಳಿದೆ. ಅಪ್ಪ ಮಾತಾಡ್ಲಿಲ್ಲ.

ಮೊನ್ನೆ ಫೋನ್ ಮಾಡಿದ್ರು. ಕೊಯ್ಲು ಮುಗಿದ ಮೇಲೆ ದಾವಣಗೆರೆಗೆ ಕರ್ಕೊಂಡು ಹೋಗೋದು ಅಂತ ಆಗಿದೆ. ಹಿಂದಿನಿಂದ ಅಜ್ಜಿ ಕೂಗ್ತಿದ್ರು, ‘ಚಕ್ಲಿ ತಿನ್ನಬಹುದಾ ಕೇಳೋ, ಮೊದಲು ಅದು ಕೇಳು!’

ಡಾಕ್ಟರನ್ನ ಕೇಳಿದೆ. ಮೊದಲ ಮೂರು ತಿಂಗಳು ಬೇಡ ಅಂದ್ರು. ಮುಂದಿನ ವಾರ ಸಿಗೋಣ.